ಎರಡನೇ ಬ್ರೇಕು

“ಕಾಲು ಹಾಕಬೇಕಾಯ್ತು,” ಎಂದು ಒಂದೇ ಮಾತು ಹೇಳಿ ಇನ್ಸ್‌ಪೆಕ್ಟರು ಕಾರಿನಿಂದಿಳಿದು, ಸಾಲಿನಲ್ಲಿ ಕಾಯುತ್ತಿದ್ದ ಮುಂದಿನ ಕಾರಿನ ಕಡೆ ನಡೆದೇಬಿಟ್ಟರು.

ಅಷ್ಟು ಸಾಕಿತ್ತು. ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಪಕ್ಕದ ಸೀಟಿನ ಮುಂದೆಯೂ ಒಂದು ಬ್ರೇಕ್ ಇರುತ್ತದೆ. ಕಲಿಸುವಾಗ ಅಲ್ಲಿ ಮೇಷ್ಟ್ರು ಕೂರುತ್ತಾರೆ, ಪರೀಕ್ಷೆಯ ದಿನ ಇನ್ಸ್‌ಪೆಕ್ಟರು ಕೂರುತ್ತಾರೆ. ಇನ್ಸ್‌ಪೆಕ್ಟರು ಅದರ ಮೇಲೆ ಕಾಲಿಟ್ಟರೋ, ಮುಗೀತು. ಫೇಲು. ಅದಕ್ಕೆ ಮೇಲ್ಮನವಿ ಇಲ್ಲ, ದಮ್ಮಯ್ಯ ದಕ್ಕಯ್ಯ ಇಲ್ಲ.

ಸ್ಟಿಯರಿಂಗ್ ಹಿಂದೆ ಅಕ್ಕ ಇನ್ನೂ ಕೂತೇ ಇದ್ದಳು. ಅರವತ್ತೇಳು ದಾಟಿದ ಅಕ್ಕ, ನರೆಗೂದಲನ್ನು ಬಿಗಿಯಾಗಿ ಗಂಟು ಹಾಕಿಕೊಂಡು, ಪರೀಕ್ಷೆಗೆಂದೇ ಕೊಂಡ ಹೊಸ ಕ್ಯಾನ್ವಾಸ್ ಶೂ ತೊಟ್ಟುಕೊಂಡು, ಎರಡೂ ಕೈಗಳನ್ನು ಚಕ್ರದ ಮೇಲೆ ಹೇಳಿಕೊಟ್ಟ ಜಾಗದಲ್ಲೇ ಇಟ್ಟುಕೊಂಡಿದ್ದಳು.

“ಕೆಂಪು ದೀಪ ಕಾಣಿಸ್ತು ಕಣೋ ಕಪ್ಪೆ,” ಎಂದಳು, ಕಿಟಕಿಗೆ ಬಗ್ಗಿ ನಿಂತವನಿಗೆ. “ಯಾವಾಗಲೂ ಒತ್ತೋಷ್ಟೇ ಒತ್ತಿದೆ. ಕಾರು ನಿಲ್ಲಲೇ ಇಲ್ಲ. ಗೆರೆ ದಾಟಿ ಹೋಗೇಬಿಡ್ತು.”

“ಹೋಗ್ಲಿ ಬಿಡಕ್ಕ. ಗಾಬರಿ ಆಗಿರುತ್ತೆ.”

“ನನಗೆ ಗಾಬರಿ ಆಗ್ಲಿಲ್ಲ.”

ಕಪ್ಪೆ ಎನಿಸಿಕೊಂಡವನು ಅವಳ ತಮ್ಮ, ಊರಿಗೆಲ್ಲ ಡ್ರೈವಿಂಗ್ ಮೇಷ್ಟ್ರು. ಬ್ಯಾಂಕಿನ ಮ್ಯಾನೇಜರಿನಿಂದ ಹಿಡಿದು ಬ್ರೆಡ್ ಗಾಡಿ ಓಡಿಸುವವನವರೆಗೆ ಅರ್ಧ ಊರು ಅವನ ಕೈಯಲ್ಲೇ ಗೇರು ಹಾಕಲು ಕಲಿತದ್ದು. ದಾರಿಯಲ್ಲಿ ಕಂಡವರೆಲ್ಲ “ನಮಸ್ಕಾರ ಮೇಷ್ಟ್ರೇ” ಎನ್ನುವವರೇ. ಆದರೆ ಅಕ್ಕನ ಎದುರು ಅವನು ಬರೀ ತಮ್ಮ, ಆದ್ದರಿಂದ ಇಲ್ಲಿ ನಾವೂ ಅವನಿಗೆ ಬಹುವಚನ ಹಚ್ಚುವ ಗೋಜಿಗೆ ಹೋಗುವುದು ಬೇಡ.

ಅವನ ಶಿಷ್ಯರು ಫೇಲಾಗುತ್ತಿರಲಿಲ್ಲ ಎಂದಲ್ಲ. ರಿವರ್ಸಿನಲ್ಲಿ ಕಂಬಕ್ಕೆ ಗುದ್ದಿ ಫೇಲಾದವರಿದ್ದರು, ಇಂಡಿಕೇಟರ್ ಬದಲು ವೈಪರ್ ಹಾಕಿ ನಗೆಪಾಟಲಾದವರಿದ್ದರು. ಕೆಂಪು ದೀಪಕ್ಕೆ ಬ್ರೇಕ್ ಸಾಲದೆ ಗೆರೆ ದಾಟಿದವರು ಮಾತ್ರ ಒಬ್ಬರೂ ಇರಲಿಲ್ಲ. ಅದು ಅವನ ಹೆಮ್ಮೆ. ಅಂಥದ್ದರಲ್ಲಿ ಸ್ವಂತ ಅಕ್ಕನೇ ದಾಟಿದ್ದಳು.

“ಇನ್ನೊಂದು ಸಲ ಕೂತರಾಯ್ತು,” ಎಂದ.

“ಇನ್ನೊಂದೇ ಸಲ,” ಎಂದಳು ಅಕ್ಕ. “ಮಗಳ ಮಾತು ನೆನಪಿದೆ ತಾನೆ?”

ನೆನಪಿಲ್ಲದೆ ಏನು. ಭಾವ ತೀರಿಕೊಂಡ ಮೇಲೆ ಅವರ ಕಾರು ಶೆಡ್ಡಿನಲ್ಲಿ ನಿಂತಿತ್ತು. ಭಾವ ಬದುಕಿದ್ದಷ್ಟು ದಿನವೂ “ನಾಳೆಯಿಂದ ಕಲಿಸ್ತೀನಿ ಕಣೆ” ಎನ್ನುತ್ತ ಆ ನಾಳೆಯನ್ನು ತಳ್ಳಿಕೊಂಡೇ ಹೋದವರು. ಕಾರನ್ನು ಮಾರಿಬಿಡೋಣ ಎಂದು ಮಗಳು ಹಠ ಹಿಡಿದಿದ್ದಳು. ಟ್ಯಾಕ್ಸಿ ಇಲ್ಲವೇ, ನಾನಿಲ್ಲವೇ, ಈ ವಯಸ್ಸಿನಲ್ಲಿ ಕೈಕಾಲು ಮುರಿದುಕೊಂಡರೆ ನೋಡುವವರು ಯಾರು ಎಂದು ದಿನಕ್ಕೊಂದು ವರಾತ. ಕೊನೆಗೆ ತಾಯಿ ಮಗಳ ನಡುವೆ ಒಂದು ರಾಜಿಯಾಗಿತ್ತು. ಎರಡು ಸಲ ಪರೀಕ್ಷೆಗೆ ಕೂರುವುದು, ಎರಡರಲ್ಲೂ ಫೇಲಾದರೆ ಅಕ್ಕ ತುಟಿ ಪಿಟಕ್ಕೆನ್ನದೆ ಕಾರಿನ ಕೀಲಿ ಮಗಳ ಕೈಗೆ ಕೊಡುವುದು. ಈಗ ಒಂದು ಸಲ ಮುಗಿದಿತ್ತು.

“ನಡಿ, ನಾಳೆಯಿಂದ ಮತ್ತೆ ಶುರು,” ಎಂದ ತಮ್ಮ, ಧೈರ್ಯ ತುಂಬುವ ದನಿಯಲ್ಲಿ. “ನಿನ್ನ ತಮ್ಮ ಯಾರು ಅಂದ್ಕೊಂಡೆ?”

“ಯಾರು ಅಂತ ಗೊತ್ತಿದ್ದೇ ಕೇಳ್ತಿದ್ದೀನಿ, ಇನ್ಮೇಲಾದ್ರೂ ಬಾಯಿ ಮುಚ್ಕೊಂಡು ಕಲಿಸ್ತೀಯಾ?” ಎಂದಳು ಅಕ್ಕ.

ಬಾಯಿ ಮುಚ್ಚಿಕೊಳ್ಳುವುದೇ ಅವನಿಂದ ಆಗದ ಕೆಲಸ. ತಮ್ಮನ ಪಾಠವೆಂದರೆ ಮುಕ್ಕಾಲು ಪಾಲು ಹಳೆಯ ಕಾಲದ ಕಥೆ. ಈಗಿನ ಮಕ್ಕಳನ್ನು ಕಂಡರೆ ಅವನಿಗೆ ಮೈಯೆಲ್ಲ ಉರಿ. ಮಕ್ಕಳಿಗಿಂತ ಹೆಚ್ಚಾಗಿ ಅವರ ಅಪ್ಪ ಅಮ್ಮಂದಿರನ್ನು ಕಂಡರೆ. ಮೀಸೆ ಬಂದ ಮಗ ಮುಂದೆ ಕೂತು ಕಾರು ಕಲಿಯುತ್ತಿದ್ದರೆ ಹಿಂದಿನ ಸೀಟಿನಲ್ಲಿ ತಾಯಿ ನೀರಿನ ಬಾಟಲಿ ಹಿಡಿದುಕೊಂಡು, “ಮೆಲ್ಲಗೆ ಪುಟ್ಟಾ, ಮೆಲ್ಲಗೆ” ಎನ್ನುತ್ತ ಕೂತಿರುವುದನ್ನು ಕಣ್ಣಾರೆ ಕಂಡವನು ಅವನು. ಪುಟ್ಟನ ತಾಯಿಯನ್ನು ಕೆಳಗಿಳಿಸಿದ ಮೇಲೆ ಅವನ ಭಾಷಣ ಶುರುವಾಗುತ್ತಿತ್ತು.

“ನಮ್ಮನ್ನ ಯಾರು ನೋಡ್ತಿದ್ರು ಹೇಳು? ಬೆಳಿಗ್ಗೆ ಮನೆ ಬಿಟ್ರೆ ಹೊಟ್ಟೆ ಚುರುಗುಟ್ಟಿದಾಗಲೇ ಮನೆ ಇದೆ ಅಂತ ನೆನಪಾಗ್ತಿದ್ದಿದ್ದು. ಮರಳಿನ ಲಾರಿ ಹಿಂದೆ ನೇತಾಡ್ಕೊಂಡು ಇಟ್ಟಿಗೆ ಗೂಡಿನ ತನಕ ಹೋಗ್ತಿದ್ವಿ, ಅಲ್ಲಿಂದ ಬರಿಗಾಲಲ್ಲಿ ವಾಪಸ್ಸು. ಕಾಲುವೆ ಇತ್ತಲ್ಲ, ಅದರ ಸೇತುವೆ ಕಂಬಿ ಹತ್ತಿ ನಿಂತು ಧುಮುಕ್ತಿದ್ವಿ. ಆಳ ಎಷ್ಟು ಅಂತ ಕೇಳಿದವರಿಲ್ಲ, ಕೆಳಗೇನಿದೆ ಅಂತ ನೋಡಿದವರಿಲ್ಲ. ಏನಾಯ್ತು? ಒಬ್ಬನಿಗಾದ್ರೂ ಏನಾದ್ರೂ ಆಯ್ತಾ? ಒಂದು ಗೀರು ಬಿದ್ದಿಲ್ಲ!”

ಇದನ್ನು ಹೇಳುವಾಗ ಅವನ ಮುಖ ನೋಡಬೇಕಿತ್ತು. ಎಷ್ಟು ಸಲ ಹೇಳಿದರೂ ಹಳಸದ ಸಂತೋಷ. ಕಂಬಿಯ ಮೇಲೆ ನಿಂತಾಗ ಅಂಗಾಲಿಗೆ ತಾಗುತ್ತಿದ್ದ ಬಿಸಿ, ಕಾಲು ಬಿಟ್ಟ ಮೇಲೆ ಹೊಟ್ಟೆ ಗಂಟಲಿಗೆ ಬಂದಂತಾಗುತ್ತಿದ್ದದ್ದು, ಮೂಗಿಗೆ ನುಗ್ಗಿದ ನೀರು ನೆತ್ತಿಗೇರಿ ಉರಿಯುತ್ತಿದ್ದದ್ದು, ಎಲ್ಲವನ್ನೂ ಅವನು ಮೈಯಿಂದಲೇ ಹೇಳುತ್ತಿದ್ದ. ಇದರಲ್ಲಿ ಬಡಾಯಿ ಇರಲಿಲ್ಲ ಎನ್ನಲಾಗದು. ಸುಳ್ಳು ಮಾತ್ರ ಇರಲಿಲ್ಲ. ಆ ಸುಖವನ್ನು ಅವನು ಉಂಡಿದ್ದ, ಅದು ಈಗಿನ ಮಕ್ಕಳಿಗೆ ಇಲ್ಲವಲ್ಲ ಎಂದು ಅವನಿಗೆ ನಿಜವಾಗಿಯೂ ಸಂಕಟವಾಗುತ್ತಿತ್ತು.

ಅಂಥವನು ಹೊಟ್ಟೆ ಹೊರೆದುಕೊಂಡಿದ್ದು ಮಾತ್ರ ಎರಡನೇ ಬ್ರೇಕಿನ ಮೇಲೆ ಕಾಲಿಟ್ಟು. ಇದನ್ನು ಅವನಿಗೆ ಯಾರೂ ಎತ್ತಿ ತೋರಿಸಿರಲಿಲ್ಲ. ಅವನ ಕೈಗಿಂತ ಕಾಲು ಜಾಣ ಎಂದು ಊರಿನ ಬೇರೆ ಸ್ಕೂಲಿನವರೂ ಒಪ್ಪುತ್ತಿದ್ದರು. ಹೊಸಬರು ಓಡಿಸುವಾಗ ಅವನು ಎಷ್ಟು ಹಗುರವಾಗಿ ಒತ್ತುತ್ತಿದ್ದನೆಂದರೆ, ಕಾರು ನಿಂತದ್ದು ತಮ್ಮದೇ ಕಾಲಿನ ಕೆಲಸ ಎಂದು ಅವರು ಬೀಗುತ್ತಿದ್ದರು. ಹಾಗೆ ಬೀಗಿದವನಿಗೆ ಧೈರ್ಯ ಬರುತ್ತದೆ, ಧೈರ್ಯ ಬಂದವನು ಬೇಗ ಕಲಿಯುತ್ತಾನೆ. ಕಲಿತದ್ದು ಖಾತ್ರಿಯಾದ ದಿನ ಅವನು ತನ್ನ ಬಲಗಾಲನ್ನು ಎಳೆದು ಸೀಟಿನಡಿಗೆ ಸೇರಿಸಿಬಿಡುತ್ತಿದ್ದ. ಅಲ್ಲಿಂದಾಚೆಗೆ ಶಿಷ್ಯನ ಪಾಡು ಶಿಷ್ಯನಿಗೆ.

ಮಾರನೆಯ ಬೆಳಿಗ್ಗೆ ಅಕ್ಕ ಮತ್ತೆ ಚಕ್ರ ಹಿಡಿದಳು. ಹಿಂದಿನ ಸೀಟಿನಲ್ಲಿ ನರ್ಸಮ್ಮ ಕೂತಿದ್ದಳು. ಆಸ್ಪತ್ರೆಯ ರಾತ್ರಿ ಪಾಳಿ ಮುಗಿಸಿ ಸೀದಾ ಬರುತ್ತಿದ್ದ ಹುಡುಗಿ, ಅಕ್ಕನ ನಂತರ ಅವಳ ಸರದಿ. ಸರದಿ ಬರುವವರೆಗೆ ಹಿಂದೆ ಕೂತು ತೂಕಡಿಸುತ್ತಿದ್ದಳು. ಅಂದು ಮಾತ್ರ ಯಾಕೋ ನಿದ್ದೆ ಬಂದಿರಲಿಲ್ಲ.

ಗೋದಾಮಿನ ರಸ್ತೆ, ಮಾರುಕಟ್ಟೆಯ ಹಿಂಬದಿ, ಶಾಲೆಯ ಮುಂದಿನ ಉಬ್ಬು. ಅಕ್ಕ ಎಲ್ಲವನ್ನೂ ನೀಟಾಗಿ ದಾಟಿಸಿದಳು. ತಮ್ಮ ಅರ್ಧ ರಸ್ತೆಯನ್ನೂ ಅರ್ಧ ನರ್ಸಮ್ಮನನ್ನೂ ನೋಡುತ್ತ ಕಾಲುವೆಯ ಕಥೆಗೆ ಬಂದಿದ್ದ.

“...ಕಂಬಿ ಮೇಲೆ ನಿಂತ್ರೆ ಕೆಳಗೆ ಕಪ್ಪು ನೀರು. ಹೆದರಿಕೆ ಅನ್ನೋದೇ ಗೊತ್ತಿರ್ಲಿಲ್ಲ ನಮಗೆ. ಯಾಕೆ ಹೇಳು? ಹೆದರಿಸೋರೇ ಇರ್ಲಿಲ್ಲ! ಅಕ್ಕ, ಮುಂದೆ ಸಿಗ್ನಲ್ಲು. ಹಾಂ, ಭೇಷ್, ನೋಡು ಎಷ್ಟು ಚೆನ್ನಾಗಿ ನಿಲ್ಲಿಸಿದಳು!”

“ಸಾರ್,” ಎಂದಳು ನರ್ಸಮ್ಮ. “ಒಂದು ಮಾತು ಹೇಳ್ಲಾ? ಬೈಬಾರ್ದು.”

“ಹೇಳಮ್ಮ.”

“ಕಾರು ನಿಲ್ಲಿಸಿದ್ದು ಅಮ್ಮನೋರಲ್ಲ. ನೀವು.”

“ಏನು?”

“ನಿಮ್ಮ ಕಾಲು ಸಾರ್. ಅಮ್ಮನೋರು ಒತ್ತೋಕೆ ಮುಂಚೇನೇ ನೀವು ಒತ್ತಿದ್ರಿ. ಶಾಲೆ ಹತ್ರಾನೂ ಹಂಗೇ ಮಾಡಿದ್ರಿ. ನಾನು ಆವಾಗಿಂದ ಅದನ್ನೇ ನೋಡ್ತಾ ಕೂತಿದ್ದೀನಿ.”

“ಏ, ಸುಮ್ನಿರಮ್ಮ! ಅಕ್ಕನಿಗೆ ನಾನು ಕಾಲಿಡೋದು ಬಿಟ್ಟು ಎಷ್ಟೋ ದಿನ ಆಯ್ತು. ರಾತ್ರಿಯೆಲ್ಲ ನಿದ್ದೆಗೆಟ್ಟು ನಿನಗೆ ಏನೇನೋ ಕಾಣ್ತಿದೆ,” ಎಂದು ನಗುತ್ತ ಕೆಳಗೆ ನೋಡಿದ.

ಅವನ ಬಲಗಾಲು ಬ್ರೇಕಿನ ಮೇಲೆ ಇತ್ತು. ಆರಾಮಾಗಿ, ತನ್ನ ಮನೆಯಲ್ಲಿ ತಾನಿದ್ದಂತೆ ಇತ್ತು. ಯಾವಾಗ ಹೋಗಿ ಕೂತಿತೋ ದೇವರಾಣೆಗೂ ಅವನಿಗೆ ಗೊತ್ತಿರಲಿಲ್ಲ. ಎಳೆದು ಸೀಟಿನಡಿಗೆ ತಳ್ಳಿದ. ಮುಖಕ್ಕೆ ರಕ್ತ ನುಗ್ಗಿ ಕಿವಿಯೆಲ್ಲ ಬಿಸಿಯಾಯಿತು.

ಹಸಿರು ದೀಪ ಬಂತು. ಅಕ್ಕ ಇಂಡಿಕೇಟರ್ ಹಾಕಿ, ಕನ್ನಡಿ ನೋಡಿ, ಕಾರನ್ನು ರಸ್ತೆಯ ಬದಿಗೆ ತಂದು ನಿಲ್ಲಿಸಿದಳು. ನಿಲ್ಲಿಸಿದ್ದು ತುಸು ಜೋರಾಗಿಯೇ. ನರ್ಸಮ್ಮ ಮುಂದಿನ ಸೀಟಿಗೆ ಹಣೆ ಹೊಡೆದುಕೊಂಡಳು.

“ಇದು ನಾನು ಒತ್ತಿದ್ದು,” ಎಂದಳು ಅಕ್ಕ. “ಈಗ ಗೊತ್ತಾಯ್ತು ನನಗೆ. ನಿನ್ನೆ ಇನ್ಸ್‌ಪೆಕ್ಟರ್ ಪಕ್ಕದಲ್ಲಿ ಕೂತಾಗ ದಿನಾ ಒತ್ತೋಷ್ಟೇ ಒತ್ತಿದೆ. ಆದರೆ ದಿನಾ ಅರ್ಧ ನೀನು ಒತ್ತುತ್ತಿದ್ದೆ.”

“ಅಕ್ಕಾ, ಆಣೆ ಮಾಡಿ ಹೇಳ್ತೀನಿ, ನನಗೆ ಗೊತ್ತೇ ಆಗಿಲ್ಲ.”

“ಗೊತ್ತಾಗಿಲ್ಲ ಅಂತ ನಂಬ್ತೀನಿ. ಎರಡೂ ಕಾಲು ಮೇಲಕ್ಕೆ ತಗೊ.”

“ಅಂದ್ರೆ?”

“ಸೀಟಿನ ಮೇಲೆ. ಚಕ್ಕಳಮಕ್ಕಳ ಹಾಕ್ಕೊಂಡು ಕೂತ್ಕೊ.”

ಮೇಷ್ಟ್ರ ಮರ್ಯಾದೆಯ ಪ್ರಶ್ನೆ. ತಮ್ಮ ಹಿಂದಕ್ಕೆ ತಿರುಗಿ ನೋಡಿದ. ನರ್ಸಮ್ಮ ಹಣೆ ಉಜ್ಜಿಕೊಳ್ಳುತ್ತ ಕಿಟಕಿಯ ಹೊರಗೆ ಏನೋ ಬಹಳ ಮುಖ್ಯವಾದದ್ದನ್ನು ನೋಡುತ್ತಿದ್ದಳು. ಅವಳ ಭುಜ ಕುಲುಕುತ್ತಿತ್ತು. ಬೇರೆ ದಾರಿ ಕಾಣದೆ ಚಪ್ಪಲಿ ಬಿಟ್ಟು, ಮಂಡಿ ಹಿಡಿದುಕೊಂಡು, ಅಯ್ಯಪ್ಪಾ ಎನ್ನುತ್ತ ಕಾಲು ಮಡಚಿ ಕೂತ. ಬೆಲ್ಟು ಹೊಟ್ಟೆಗೆ ಬಿಗಿಯಿತು.

ಕಾರು ಹೊರಟಿತು. ಇಷ್ಟು ವರ್ಷ ಅದೇ ಸೀಟಿನಲ್ಲಿ ಕೂತು ಅದೇ ರಸ್ತೆ ನೋಡಿದವನಿಗೆ ಅಂದು ರಸ್ತೆ ಬೇರೆಯಾಗಿಯೇ ಕಂಡಿತು. ಎದುರಿನ ಬಸ್ಸುಗಳೆಲ್ಲ ತನ್ನ ಮೈಮೇಲೆ ಬರುತ್ತಿವೆ, ಪಾದಚಾರಿಗಳೆಲ್ಲ ಸಾಯಲೆಂದೇ ಮನೆ ಬಿಟ್ಟು ಬಂದಿದ್ದಾರೆ ಅನ್ನಿಸಿತು. ಮುಂದೆ ಗ್ಯಾಸ್ ಸಿಲಿಂಡರ್ ತುಂಬಿದ ಲಾರಿ ವೇಗ ತಗ್ಗಿಸಿತು. ಅಕ್ಕ ತಗ್ಗಿಸಲಿಲ್ಲ.

“ಅಕ್ಕಾ, ಲಾರಿ... ಲಾರಿ... ಬ್ರೇಕು!”

ಕಾರು ಗಕ್ಕನೆ ನಿಂತಿತು. ಲಾರಿಯ ಹಿಂಭಾಗದ ಧೂಳಿನ ಮೇಲೆ ಯಾರೋ ಬೆರಳಿನಿಂದ ಬರೆದಿದ್ದ ಹೆಸರನ್ನು ಓದಬಹುದಾದಷ್ಟು ಹತ್ತಿರ. ಎಂಜಿನ್ನು ಆಫ್ ಆಯಿತು. ತಮ್ಮನ ಎರಡೂ ಕೈ ಡ್ಯಾಶ್‌ಬೋರ್ಡಿನ ಮೇಲಿದ್ದವು.

“ಸಾಕು, ಪಕ್ಕಕ್ಕೆ ಹಾಕು,” ಎಂದ. “ನನ್ನ ಕೈಲಾಗಲ್ಲ. ನಿನಗೆ ಬೇರೆ ಯಾರಾದ್ರೂ ಕಲಿಸ್ಲಿ.”

ರಸ್ತೆ ಬದಿಯಲ್ಲಿ ಚಹಾದಂಗಡಿಯಿತ್ತು. ನರ್ಸಮ್ಮ ತನಗೆ ಚಹಾ ಬೇಡ, ಕಾರಿನಲ್ಲೇ ಒಂದು ನಿದ್ದೆ ತೆಗೆಯುತ್ತೇನೆ ಎಂದಳು. ಅಕ್ಕ ತಮ್ಮ ಇಬ್ಬರೂ ಲೋಟ ಹಿಡಿದು ಅಂಗಡಿಯ ಮುಂದಿನ ಬೆಂಚಿನ ಮೇಲೆ ಕೂತರು. ಅಕ್ಕ ಬಿಸಿ ಚಹಾವನ್ನು ಊದಿ ಊದಿ ಕುಡಿದಳು.

“ಊರ ಮಂದಿಗೆಲ್ಲ ಕಾಲು ತೆಗೀತೀಯ,” ಎಂದಳು. “ನನಗೆ ಮಾತ್ರ ಯಾಕೋ ಆಗ್ಲಿಲ್ಲ?”

“ನಿನಗೇನಾದ್ರೂ ಆದ್ರೆ?” ಎಂದ ತಮ್ಮ. ಬಾಯಿಂದ ಬಿದ್ದ ಮೇಲೆ ಅದು ಪುಟ್ಟನ ತಾಯಿಯ ಮಾತೆಂದು ಅವನಿಗೇ ಕೇಳಿಸಿತು. ಸಾವರಿಸಿಕೊಂಡು, “ಅಲ್ಲ, ವಯಸ್ಸಾಯ್ತಲ್ಲಕ್ಕ,” ಎಂದು ಸೇರಿಸಿದ. ಅದು ಇನ್ನೂ ಕೆಟ್ಟದಾಯಿತು.

ಅಕ್ಕ ನಕ್ಕಳು. ಆಮೇಲೆ ಲೋಟ ಕೆಳಗಿಟ್ಟು ಹೇಳಿದಳು.

“ಕೆಳಗೇನಿದೆ ಅಂತ ನೋಡಿದವರಿಲ್ಲ ಅಂತೀಯಲ್ಲ ಯಾವಾಗಲೂ. ನಾನು ನೋಡ್ತಿದ್ದೆ.”

“ಎಲ್ಲಿ?”

“ಕಾಲುವೇಲಿ. ನೀವೆಲ್ಲ ಸೇತುವೆ ಮೇಲೆ ಅಂಗಿ ಬಿಚ್ಚಿ, ನಾನು ಮೊದಲು ನೀನು ಮೊದಲು ಅಂತ ಕಿತ್ತಾಡ್ತಿದ್ರಿ. ಅಷ್ಟರಲ್ಲಿ ನಾನು ಕೆಳಗೆ ಇಳಿದು ಕಾಲಲ್ಲಿ ನೆಲ ಸವರಿ ಬರ್ತಿದ್ದೆ. ಮೇಲಿನ ಬೀದಿ ಕುಡುಕರು ಬಾಟ್ಲಿ ಒಡೆದು ಒಡೆದು ಅಲ್ಲೇ ಎಸೀತಿದ್ರು. ಸಿಕ್ಕಿದ್ದನ್ನ ಎತ್ತಿ ದಡಕ್ಕೆ ಹಾಕ್ತಿದ್ದೆ. ಆಮೇಲೆ ದಡದಲ್ಲಿ ಕೂತ್ಕೊಂಡು, ಮುಳುಗಿದ ತಲೆ ಎಲ್ಲ ಮೇಲೆ ಬಂತಾ ಅಂತ ಲೆಕ್ಕ ಹಾಕೋದು.”

“ನೀನು ಬಟ್ಟೆ ಒಗೆಯೋಕೆ ಬರ್ತಿದ್ದೆ.”

“ದಿನಾ ಒಗೆಯೋಷ್ಟು ಬಟ್ಟೆ ಎಲ್ಲಿತ್ತೋ ನಮ್ಮನೇಲಿ?”

ಕಾಲುವೆಯ ದಡ ತಮ್ಮನ ಕಣ್ಣ ಮುಂದೆ ಬಂತು. ಸಾವಿರ ಸಲ ಹೇಳಿದ ಕಥೆಯ ಅದೇ ದಡ. ಅದರ ಮೆಟ್ಟಿಲಿನ ಮೇಲೆ ಸೊಂಟದವರೆಗೆ ಒದ್ದೆಯಾದ ಲಂಗದಲ್ಲಿ ಒಬ್ಬ ಹುಡುಗಿ ಕೂತಿದ್ದಳು. ಕೂತಿದ್ದದ್ದು ಹೌದು. ಅವನು ಎಷ್ಟೊಂದು ಸಲ ಮೇಲಿನಿಂದ ಅವಳನ್ನು ಕಂಡಿದ್ದ. ಕಥೆಯಲ್ಲಿ ಮಾತ್ರ ಒಮ್ಮೆಯೂ ತಂದಿರಲಿಲ್ಲ.

“ಅಮ್ಮ ಹೇಳಿ ಕಳಿಸ್ತಿದ್ಲಾ?” ಎಂದ.

“ಹೇಳೋದೇನು ಬಂತು? ನಿಮ್ಮನ್ನೆಲ್ಲ ‘ಹೋಗ್ರೋ, ಕಣ್ಣೆದುರು ಇರಬೇಡಿ’ ಅಂತ ಗದರಿಸಿ ಓಡಿಸ್ತಿದ್ಲಲ್ಲ. ನೀವು ಬಾಗಿಲು ದಾಟಿದ ಮೇಲೆ ನನ್ನ ಕಡೆ ಒಂದು ಸಲ ನೋಡ್ತಿದ್ಲು. ಅಷ್ಟೇ. ನಾನು ಕೈಲಿದ್ದ ಕೆಲಸ ಬಿಟ್ಟು ನಿಮ್ಮ ಹಿಂದೆ. ಮರಳು ಲಾರಿ ಹಿಂದೆ ಓಡೋದು ಇನ್ನೂ ಕಷ್ಟ ಕಣೋ. ಆ ಇಟ್ಟಿಗೆ ಗೂಡಿನ ತನಕ ಹೋಗೋಷ್ಟರಲ್ಲಿ ನನ್ನ ಕಾಲು ಬಿದ್ದು ಹೋಗ್ತಿತ್ತು.”

“ನಿನ್ನನ್ನ ನಾವು ಪುಕ್ಕಲಿ ಅಂತ ಕರೀತಿದ್ವಿ,” ಎಂದ ತಮ್ಮ, ಮೆಲ್ಲಗೆ. “ನೀರಿಗೆ ಹಾರೋಕೆ ಹೆದರ್ತಾಳೆ ಅಂತ.”

“ಹಾಡು ಕಟ್ಟಿದ್ರಿ.”

“ನೀನು ಯಾಕೆ ಹಾರ್ಲಿಲ್ಲ?”

“ಹಾರಬೇಕು ಅಂತ ಎಷ್ಟು ಆಸೆ ಇತ್ತು ಗೊತ್ತಾ? ಒಂದು ದಿನ ಕಂಬಿ ಹಿಡ್ಕೊಂಡು ಒಂದು ಕಾಲು ಎತ್ತಿ ಇಟ್ಟಿದ್ದೆ. ಆಗ ಕೆಳಗೆ ನಿನ್ನ ತಲೆ ಕಾಣಿಸ್ಲಿಲ್ಲ. ಇಳಿದು ಓಡಿ ಬಂದೆ. ನೀನು ಸೇತುವೆ ಕಂಬದ ಹಿಂದೆ ಬಚ್ಚಿಟ್ಕೊಂಡು ಕಿಸಿಕಿಸಿ ನಗ್ತಿದ್ದೆ. ನಾನು ಮೇಲಿಂದ ಹಾರಿದ್ರೆ ಕೆಳಗೆ ಯಾರಿರ್ತಿದ್ರು?”

ರಸ್ತೆಯಲ್ಲಿ ಬಸ್ಸೊಂದು ಹೋಯಿತು. ಇಷ್ಟು ವರ್ಷ ಎದೆಯುಬ್ಬಿಸಿ ಹೇಳಿಕೊಂಡು ಬಂದ ಆ ಧೈರ್ಯದ ಅಡಿಯಲ್ಲಿ ಯಾರದೋ ಬರಿಗಾಲು ಗಾಜು ಹುಡುಕುತ್ತಿತ್ತು ಎಂಬುದು ತಮ್ಮನಿಗೆ ನಾಚಿಕೆ ತಂದಿತು, ಅದಕ್ಕಿಂತ ಹೆಚ್ಚಾಗಿ ದುಃಖ ತಂದಿತು. ಏನಾದರೂ ಹೇಳಬೇಕೆಂದು ಅಕ್ಕನ ಕಡೆ ತಿರುಗಿದ.

“ಅಯ್ಯೋ, ಅಳೋ ಮುಖ ಮಾಡಬೇಡ ಮಾರಾಯ,” ಎಂದು ಅಕ್ಕ ಅವನ ತೊಡೆಗೆ ಒಂದು ಹೊಡೆದಳು. “ನಿನ್ನ ಕಥೆ ಸುಳ್ಳು ಅಂತ ಹೇಳ್ತಿಲ್ಲ. ನೀನು ಹಾರಿದ್ದು ನಿಜ. ಕೈಕಾಲೆಲ್ಲ ಅಗಲ ಮಾಡ್ಕೊಂಡು, ಥೇಟ್ ಕಪ್ಪೆ. ಅದಕ್ಕೇ ತಾನೆ ನಾನು ಆ ಹೆಸರಿಟ್ಟಿದ್ದು? ನೋಡೋಕೆ ಎಷ್ಟು ಚೆನ್ನಾಗಿರ್ತಿತ್ತು ಗೊತ್ತಾ. ಅಷ್ಟು ಚೆನ್ನಾಗಿದ್ದನ್ನ ಒಂದು ಸಲವಾದ್ರೂ ನಾನು ಮಾಡಬೇಕೋ ಬೇಡವೋ? ಆಮೇಲೆ ನಿಮ್ಮ ಭಾವ, ಅತ್ತೆ, ಮಗಳು, ಮೊಮ್ಮಕ್ಕಳು. ಯಾವಾಗ ನೋಡಿದ್ರೂ ದಡದಲ್ಲೇ ಕೂತಿದ್ದೆ. ಈಗ ನನ್ನ ಸರದಿ. ನೀನು ಕಾಲು ತೆಗಿ, ಅಷ್ಟು ಸಾಕು.”

“ಲೈಸೆನ್ಸ್ ಬಂದ್ರೆ ಎಲ್ಲಿಗೆ ಹೋಗ್ತೀಯಕ್ಕ?”

“ನನಗೇನು ಗೊತ್ತು? ಯಾರಿಗೂ ಹೇಳ್ದೆ ಹೊರಡಬೇಕು, ಅಷ್ಟು ಗೊತ್ತು.”

ತಮ್ಮ ಚಹಾ ಮುಗಿಸಿದ. ಎದ್ದು ಹೋಗಿ ಕಾರಿನ ಬಾಗಿಲು ತೆಗೆದು, ಯಾರ ಬಲವಂತವೂ ಇಲ್ಲದೆ ಕಾಲು ಮಡಚಿ ಕೂತ.

ಆಮೇಲಿನ ದಿನಗಳಲ್ಲಿ ಊರಿಗೆಲ್ಲ ಪುಕ್ಕಟೆ ಮನರಂಜನೆ. ಡ್ರೈವಿಂಗ್ ಮೇಷ್ಟ್ರು ಕಾರಿನ ಸೀಟಿನಲ್ಲಿ ತಪಸ್ಸಿಗೆ ಕೂತಂತೆ ಕೂತುಕೊಂಡು ಹೋಗುತ್ತಿದ್ದಾರೆ, ಪಕ್ಕದಲ್ಲಿ ಅಜ್ಜಿಯೊಬ್ಬಳು ಗೇರು ಬದಲಿಸುತ್ತಿದ್ದಾಳೆ. ಟೈರಂಗಡಿಯವನು, “ಮೇಷ್ಟ್ರೇ, ಊಟಕ್ಕೆ ಬಡಿಸೋದೊಂದು ಬಾಕಿ!” ಎಂದು ಕೂಗಿದ. ತಮ್ಮ ಗತ್ತಿನಿಂದಲೇ ಕೈ ಎತ್ತಿ ನಮಸ್ಕರಿಸಿದ. ಮಂಡಿ ನೋವಿಗೆ ಮನೆಯಲ್ಲಿ ಹೆಂಡತಿ ಮುಲಾಮು ತಿಕ್ಕುತ್ತ, “ನಿಮಗೆ ಬೇರೆ ಕೆಲಸ ಇಲ್ವಾ?” ಎಂದು ಬೈದಳು.

ಅಕ್ಕನ ಕಾಲಿಗೆ ಬ್ರೇಕಿನ ನಿಜವಾದ ಭಾರ ತಿಳಿಯುತ್ತ ಬಂತು. ಮೊದಮೊದಲು ಗಕ್ಕನೆ ನಿಲ್ಲಿಸಿ ನರ್ಸಮ್ಮನ ಹಣೆಯನ್ನು ಇನ್ನಷ್ಟು ಕೆಂಪು ಮಾಡಿದಳು. ನಂತರ ಹದ ಸಿಕ್ಕಿತು. ಮಾರುಕಟ್ಟೆಯ ಹಿಂದೆ ಒಂದು ಸಲ ತರಕಾರಿ ಬುಟ್ಟಿ ಕಟ್ಟಿಕೊಂಡ ಸೈಕಲ್ಲು ಓಣಿಯಿಂದ ಏಕಾಏಕಿ ನುಗ್ಗಿತು. ತಮ್ಮ ಕಣ್ಣು ಮುಚ್ಚಿದ. ಕಾಲು ತೊಡೆಯಡಿಯಲ್ಲಿ ಸಿಕ್ಕಿಕೊಂಡು ಒದ್ದಾಡಿತು. ಕಣ್ಣು ಬಿಟ್ಟಾಗ ಕಾರು ನಿಂತಿತ್ತು, ಸೈಕಲ್ಲಿನವನು ಬಾಯಿಗೆ ಬಂದಂತೆ ಬೈಯುತ್ತಿದ್ದ, ಅಕ್ಕ ಗಾಜು ಇಳಿಸಿ ಅವನಿಗಿಂತ ಜೋರಾಗಿ ಬೈಯುತ್ತಿದ್ದಳು.

“ಪುಕ್ಕಲಿ ಅಂತೆ,” ಎಂದು ತಮ್ಮ ತನ್ನಷ್ಟಕ್ಕೇ ಹೇಳಿಕೊಂಡು ತಲೆಯಾಡಿಸಿದ.

ಎರಡನೇ ಪರೀಕ್ಷೆಗೆ ಅದೇ ಇನ್ಸ್‌ಪೆಕ್ಟರು ಸಿಕ್ಕರು. ತಮ್ಮ ಮೈದಾನದ ತಂತಿ ಬೇಲಿಯ ಹೊರಗೆ ನಿಂತ. ಅಕ್ಕನ ಮಗಳೂ ಬಂದಿದ್ದಳು. ಕಾರು ಮಾರುವ ಬಗ್ಗೆ ಯಾರೊಂದಿಗೋ ಮಾತಾಡಿ ಇಟ್ಟಿದ್ದೇನೆ ಎಂದು ದಾರಿಯಲ್ಲೇ ಹೇಳಿದ್ದಳು. ಕೆಟ್ಟವಳಲ್ಲ ಪಾಪ, ಅವಳ ಮುಖವೂ ಬಿಳುಚಿಕೊಂಡಿತ್ತು.

“ಮಾವ, ನೀವಾದ್ರೂ ಬೇಡ ಅನ್ನಬಾರ್ದಿತ್ತಾ?” ಎಂದಳು.

“ಸುಮ್ನೆ ನೋಡಮ್ಮ,” ಎಂದ ತಮ್ಮ.

ಕಾರು ಮೈದಾನದ ಸುತ್ತ ಬಂತು, ಎಂಟರ ಆಕಾರದಲ್ಲಿ ತಿರುಗಿತು, ದಿಣ್ಣೆ ಹತ್ತಿ ನಿಂತು ಮತ್ತೆ ಹೊರಟಿತು. ಆಮೇಲೆ ಗೇಟು ದಾಟಿ ರಸ್ತೆಗಿಳಿದು ಸಿಗ್ನಲ್ಲಿನ ಕಡೆ ಹೋಯಿತು. ಹಸಿರು ದೀಪ ಹಳದಿಯಾಯಿತು, ಹಳದಿ ಕೆಂಪಾಯಿತು. ತಮ್ಮ ತಂತಿಯನ್ನು ಹಿಡಿದುಕೊಂಡ. ಕಾರಿನ ಮೂತಿ ಕೊಂಚ ಬಾಗಿ ಗೆರೆಯ ಈಚೆಗೇ ನಿಂತಿತು. ತಮ್ಮನಿಗೆ ಓಡಿ ಹೋಗಿ ಯಾರನ್ನಾದರೂ ತಬ್ಬಿಕೊಳ್ಳಬೇಕು ಅನ್ನಿಸಿತು. ಹತ್ತಿರ ಇದ್ದದ್ದು ಅಕ್ಕನ ಮಗಳು. ಅವಳು ಕಣ್ಣು ಮುಚ್ಚಿಕೊಂಡು ನಿಂತಿದ್ದಳು.

ಇನ್ಸ್‌ಪೆಕ್ಟರು ಇಳಿದು ಬಂದು, ಬಗ್ಗಿ ಹೋಗಿದ್ದ ಕನ್ನಡಕದ ಕಡ್ಡಿಯನ್ನು ಸರಿ ಮಾಡಿಕೊಂಡರು. “ಪಾಸು,” ಎಂದರು. “ಬ್ರೇಕು ಸ್ವಲ್ಪ ಗಟ್ಟಿ ಒತ್ತುತ್ತಾರೆ. ಪರವಾಗಿಲ್ಲ. ಇವರಿಗೆ ಕಲಿಸಿದ್ದು ನೀವೇ ತಾನೆ ಮೇಷ್ಟ್ರೇ?”

“ನಾನು ಸುಮ್ನೆ ಕೂತಿದ್ದೆ ಸಾರ್,” ಎಂದ ತಮ್ಮ.

ಲೈಸೆನ್ಸು ಕೈಗೆ ಬಂದ ವಾರ, ಒಂದು ಬೆಳಿಗ್ಗೆ ಸ್ಕೂಲಿನ ಮುಂದೆ ಭಾವನ ಕಾರು ಬಂದು ನಿಂತಿತು. ತೊಳೆದು ಒರೆಸಿ ಫಳಫಳ ಹೊಳೆಯುತ್ತಿತ್ತು. ಅದರಲ್ಲಿ ಅಕ್ಕನ ಕಾಲಡಿಯದನ್ನು ಬಿಟ್ಟರೆ ಬೇರೆ ಬ್ರೇಕು ಇರಲಿಲ್ಲ, ಪಕ್ಕದ ಸೀಟಿನಲ್ಲಿ ಮನುಷ್ಯರೂ ಇರಲಿಲ್ಲ. ತಮ್ಮ ಹೊರಗೆ ಬಂದ. ತಡೆಯಲಾಗದೆ ಚಕ್ರದ ಗಾಳಿಯನ್ನು ಕಾಲಿನಿಂದ ಒತ್ತಿ ನೋಡಿದ.

“ಗಾಳಿ ನಾನೇ ಹಾಕಿಸಿದ್ದೀನಿ,” ಎಂದಳು ಅಕ್ಕ. ಕಿಟಕಿಯಿಂದ ಕೈ ಚಾಚಿ ತನ್ನ ಫೋನನ್ನು ಅವನ ಕೈಯಲ್ಲಿಟ್ಟಳು. “ಇದನ್ನ ಇಟ್ಕೊಂಡಿರು. ಇದು ಜೊತೇಲಿದ್ರೆ ನಾನು ಎಲ್ಲಿದ್ದೀನಿ ಅಂತ ಮಗಳಿಗೆ ಅವಳ ಫೋನಲ್ಲೇ ಕಾಣುತ್ತೆ.”

“ಅಕ್ಕಾ, ದಾರೀಲಿ ಏನಾದ್ರೂ...” ಎಂದು ಶುರು ಮಾಡಿದವನು, ಅಕ್ಕ ಹುಬ್ಬೇರಿಸಿ ನೋಡಿದ್ದನ್ನು ಕಂಡು ನಿಲ್ಲಿಸಿದ. “ಏನಿಲ್ಲ. ಹೋಗು,” ಎಂದ.

“ಹೋಗಿ ಬಾ ಅನ್ನು.”

“ಹೋಗಿ ಬಾರಕ್ಕ.”

ಅಕ್ಕ ಕನ್ನಡಿ ನೋಡಿದಳು, ಇಂಡಿಕೇಟರ್ ಹಾಕಿದಳು. ಕಾರು ಅಂಗಡಿ ಸಾಲು ದಾಟಿತು. ಮನೆಯ ಕಡೆಯ ತಿರುವು ಬಂತು, ಅದನ್ನು ಬಿಟ್ಟು ಮುಂದೆ ಹೋಯಿತು. ಮಾರುಕಟ್ಟೆಯ ತಿರುವು ಬಂತು, ಅದನ್ನೂ ಬಿಟ್ಟಿತು. ಹೆದ್ದಾರಿಗೆ ಏರುವ ಉದ್ದನೆಯ ರಸ್ತೆ ಹಿಡಿದು ವೇಗ ಹೆಚ್ಚಿಸಿಕೊಂಡಿತು. ತಮ್ಮ ರಸ್ತೆಯ ಮಧ್ಯಕ್ಕೇ ಬಂದು ನಿಂತು ನೋಡಿದ.

ಕೈಯಲ್ಲಿದ್ದ ಫೋನು ಬಡಿದುಕೊಂಡಿತು. ಮಗಳು.

“ಅಮ್ಮಾ, ಮತ್ತೆ ಡ್ರೈವಿಂಗ್ ಸ್ಕೂಲಿಗೆ ಯಾಕೆ ಹೋಗಿದ್ದೀಯ?”

“ಅಮ್ಮ ಅಲ್ಲ ಕಣಮ್ಮ, ನಾನು.”

“ಮಾವಾ? ಅಮ್ಮ ಎಲ್ಲಿ? ಫೋನು ನಿಮ್ಮ ಹತ್ರ ಯಾಕಿದೆ?”

“ಇಟ್ಕೊ ಅಂದ್ಲು. ಇಟ್ಕೊಂಡೆ.”

“ಕಾರು ತಗೊಂಡು ಹೋದ್ಲಾ? ಒಬ್ಬಳೇನಾ? ಮಾವ, ಯಾವ ಕಡೆ ಹೋದ್ಲು?”

“ನಾನು ನೋಡ್ಲಿಲ್ಲ ಕಣಮ್ಮ,” ಎಂದ ತಮ್ಮ.

ರಸ್ತೆಯ ಕೊನೆಯಲ್ಲಿ, ಏರಿನ ಮೇಲೆ, ಕಾರು ಇನ್ನೂ ಕಾಣುತ್ತಿತ್ತು.